ಕರೆಂಟ್ ಹೋಗುವ ಮುನ್ನ: ಮನೆಗೂ ಕೊಟ್ಟಿಗೆಗೂ ಬೇಕಾದ ಸಿದ್ಧತೆ



ಅಶ್ವಿನಿ, ಭರಣಿ ಮಳೆ ಎಂದರೆ ನಮ್ಮ ಕಡೆ ಮೊದಲು ಬರುವುದು ಗಾಳಿ, ಆಮೇಲೆ ಗುಡುಗು, ಅದರ ಹಿಂದೆಯೇ ಕತ್ತಲೆ. ತೆಂಗಿನ ಗರಿ ತಂತಿಯ ಮೇಲೆ ಬೀಳುತ್ತದೆ, ಎಲ್ಲೋ ಒಂದು ಕಂಬ ವಾಲುತ್ತದೆ, ಇಡೀ ಊರಿನ ಕರೆಂಟ್ ಹೋಗುತ್ತದೆ. ಈ ಮಳೆ ಹೆಚ್ಚಾಗಿ ಬರುವುದು ಸಂಜೆ ನಾಲ್ಕರಿಂದ ಏಳರ ನಡುವೆ. ನಾವು ಹಸುವಿಗೆ ನೀರು ಕುಡಿಸಿ, ಮೇವು ಕತ್ತರಿಸಿ, ಹಾಲು ಕರೆದು ಡೈರಿಗೆ ಹೊರಡುವ ಹೊತ್ತೂ ಅದೇ. ಪಟ್ಟಣದ ಮನೆಯಲ್ಲಿ ಕರೆಂಟ್ ಹೋದರೆ ಟಿವಿ ನಿಲ್ಲುತ್ತದೆ, ಫ್ಯಾನ್ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ನೀರು, ಮೇವು, ಹಾಲು ಮೂರೂ ಒಟ್ಟಿಗೆ ನಿಲ್ಲುತ್ತವೆ. ಹಸು ಮಾತ್ರ ಕಾಯುವುದಿಲ್ಲ.

ಈ ಪಾಠದಲ್ಲಿ ಯುಪಿಎಸ್, ಸೋಲಾರ್, ಜನರೇಟರ್ ಎಲ್ಲದರ ಲೆಕ್ಕವೂ ಬರುತ್ತದೆ. ಆದರೆ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಕುಳಿತು ಮಾಡಬೇಕಾದ ಲೆಕ್ಕ ಒಂದಿದೆ. ಅದನ್ನು ಮಾಡಿದರೆ ಅರ್ಧ ಖರ್ಚು ಉಳಿಯುತ್ತದೆ.

ನಿಮ್ಮ ಮನೆಗೆ ಕರೆಂಟ್ ಯಾವ ಲೈನಿನಿಂದ ಬರುತ್ತದೆ?

ತುಮಕೂರು ನಗರದ ಅಂಚಿನಲ್ಲಿ ಎರಡು ಹಸು ಕಟ್ಟಿಕೊಂಡಿರುವವರಿಗೂ, ಗುಬ್ಬಿ ತಾಲ್ಲೂಕಿನ ಊರೊಳಗೆ ಇರುವವರಿಗೂ, ಕುಣಿಗಲ್ ತಾಲ್ಲೂಕಿನ ತೋಟದ ಮನೆಯವರಿಗೂ ಉತ್ತರ ಒಂದೇ ಅಲ್ಲ. ನಗರದಲ್ಲಿ ಕರೆಂಟ್ ಹೋದರೆ ಸಾಮಾನ್ಯವಾಗಿ ಒಂದೆರಡು ಗಂಟೆಯ ಮಾತು. ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ ಲೈನನ್ನು ಬೇರೆ ಮಾಡಿದ ಮೇಲೆ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. ಕಷ್ಟ ಉಳಿದಿರುವುದು ತೋಟದ ಮನೆಯವರಿಗೆ. ತೆಂಗು, ಅಡಿಕೆ ತೋಟದ ನಡುವೆ ಮನೆ ಕಟ್ಟಿಕೊಂಡಿರುವ ಬಹಳಷ್ಟು ಕುಟುಂಬಗಳಿಗೆ ಕರೆಂಟ್ ಬರುವುದು ಪಂಪ್‌ಸೆಟ್ ಲೈನಿನಿಂದಲೇ. ಅಲ್ಲಿ ತ್ರೀಫೇಸ್ ಕೊಡುವುದು ದಿನಕ್ಕೆ 7 ಗಂಟೆ, ಅದೂ ಕೆಲವು ವಾರ ಹಗಲು, ಕೆಲವು ವಾರ ರಾತ್ರಿ. ಉಳಿದ ಹೊತ್ತು ಸಿಂಗಲ್ ಫೇಸ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

2023ರ ಮುಂಗಾರು ಕೈಕೊಟ್ಟಾಗ ಏನಾಯಿತು ಎಂದು ನೆನಪಿರಬಹುದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಮಳೆ ಇಲ್ಲದೆ ಎಲ್ಲರೂ ಮೋಟಾರ್ ಹಾಕಿದರು, ಜಲಾಶಯದಲ್ಲಿ ನೀರಿಲ್ಲದೆ ಜಲವಿದ್ಯುತ್ ಕುಗ್ಗಿತು, ಅಕ್ಟೋಬರ್‌ನಲ್ಲಿ ಪಂಪ್‌ಸೆಟ್ ಕರೆಂಟ್ 5 ಗಂಟೆಗೆ ಇಳಿಯಿತು. ರೈತರು ಬೀದಿಗೆ ಬಂದ ಮೇಲೆ ಮತ್ತೆ 7 ಗಂಟೆಯಾಯಿತು. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದ್ದರೂ ಹೀಗೇಕೆ ಎಂದು ಸಂಘದ ಸಭೆಗಳಲ್ಲಿ ಕೇಳುವವರಿದ್ದಾರೆ. ಪಾವಗಡದ ಕರೆಂಟ್ ದೊಡ್ಡ ಲೈನಿಗೆ ಸೇರಿ ಎಲ್ಲರ ಪಾಲಾಗುತ್ತದೆ. ಅದಲ್ಲದೆ ಸೂರ್ಯ ಮುಳುಗಿದ ಮೇಲೆ ಅಲ್ಲಿ ಉತ್ಪಾದನೆಯೇ ಇಲ್ಲ. ನಮಗೆ ಬೇಕಾದ ಹೊತ್ತು ಸಂಜೆ ಆರು, ಬೆಳಿಗ್ಗೆ ಐದೂವರೆ. ಎರಡೂ ಸೂರ್ಯನಿಲ್ಲದ ಹೊತ್ತು.

ಆದ್ದರಿಂದ ಒಂದು ಹಳೆಯ ನೋಟ್‌ಬುಕ್ ತೆಗೆದುಕೊಂಡು ಎರಡು ವಾರ ಬರೆದಿಡಿ: ಕರೆಂಟ್ ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು. ಅಷ್ಟು ಸಾಕು. ಮಕ್ಕಳಿಗೆ ಹೇಳಿದರೆ ಅವರೇ ಬರೆಯುತ್ತಾರೆ. ಸಂಜೆ ಒಂದು ಗಂಟೆ ಹೋಗುವ ಮನೆಗೂ, ದಿನಕ್ಕೆ ಎಂಟು ಗಂಟೆ ಹೋಗುವ ಮನೆಗೂ ಬೇಕಾದ ಬ್ಯಾಟರಿ ಬೇರೆ. ಈ ಲೆಕ್ಕವಿಲ್ಲದೆ ಅಂಗಡಿಗೆ ಹೋದರೆ ಅಂಗಡಿಯವರು ಹೇಳಿದ್ದೇ ಲೆಕ್ಕ.

ಮೊದಲು ನೀರು ಕೂಡಿಡಿ

ಕೊಟ್ಟಿಗೆಯ ಮಟ್ಟಿಗೆ ಅತಿ ಅಗ್ಗದ ಬ್ಯಾಟರಿ ಎಂದರೆ ನೀರಿನ ಟ್ಯಾಂಕ್. ಇದು ತಮಾಷೆಯ ಮಾತಲ್ಲ. ಮೋಟಾರ್ ಓಡಿಸುವಷ್ಟು ಕರೆಂಟನ್ನು ಬ್ಯಾಟರಿಯಲ್ಲಿ ಕೂಡಿಡುವುದು ದುಬಾರಿ. ಕರೆಂಟ್ ಇದ್ದಾಗ ಎತ್ತಿದ ನೀರನ್ನು ಎತ್ತರದಲ್ಲಿ ಇಡುವುದು ಸುಲಭ. ಹಾಲು ಕೊಡುವ ಮಿಶ್ರತಳಿ ಹಸು ದಿನಕ್ಕೆ 60ರಿಂದ 80 ಲೀಟರ್ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ನಾಲ್ಕು ಹಸು ಇದ್ದರೆ ಕುಡಿಯಲು ಸುಮಾರು 300 ಲೀಟರ್, ಕೊಟ್ಟಿಗೆ ಮತ್ತು ಕೆಚ್ಚಲು ತೊಳೆಯಲು, ಕ್ಯಾನು ಪಾತ್ರೆಗೆ ಇನ್ನೊಂದು 200 ಲೀಟರ್, ಮನೆ ಬಳಕೆಗೆ 200 ಲೀಟರ್. ಒಟ್ಟು 700. 1,000 ಲೀಟರ್‌ನ ಒಂದು ಸಿಂಟೆಕ್ಸ್ ಟ್ಯಾಂಕ್ ತುಂಬಿದ್ದರೆ ಒಂದು ಹಗಲು ಒಂದು ರಾತ್ರಿ ಯಾರ ಹಂಗೂ ಇಲ್ಲ. ಟಿ.ಸಿ. ಸುಟ್ಟು ಎರಡು ಮೂರು ದಿನ ಕರೆಂಟ್ ಬರದಿದ್ದರೆ ಮಾತ್ರ ಇನ್ನೊಂದು ಟ್ಯಾಂಕ್ ಅಥವಾ ನೆಲದ ತೊಟ್ಟಿ ಬೇಕು.

ಹಸುವಿಗೆ ನೀರು ಕಡಿಮೆಯಾದರೆ ಹಾಲು ಅದೇ ದಿನ ಕಡಿಮೆಯಾಗುತ್ತದೆ. ಒಂದು ಲೀಟರ್ ಹಾಲಿಗೆ ಹಸು ನಾಲ್ಕು ಲೀಟರ್‌ನಷ್ಟು ನೀರು ಕುಡಿಯಬೇಕು. ಹಿಂಡಿಗೆ, ಬೂಸಾಕ್ಕೆ ದುಡ್ಡು ಹಾಕಿ ನೀರಿನಲ್ಲಿ ಉಳಿಸಿದರೆ ಏನೂ ದಕ್ಕುವುದಿಲ್ಲ. ಟ್ಯಾಂಕನ್ನು ಕೊಟ್ಟಿಗೆಯ ಗೋದಲಿಗಿಂತ ನಾಲ್ಕೈದು ಅಡಿ ಎತ್ತರದ ಕಟ್ಟೆಯ ಮೇಲೆ ಇಟ್ಟರೂ ನೀರು ತಾನಾಗಿ ಹರಿಯುತ್ತದೆ. ಮಾಳಿಗೆಯ ಮೇಲೆಯೇ ಇಡಬೇಕೆಂದಿಲ್ಲ. ನೆರಳಿನಲ್ಲಿಡಿ. ಬಿಸಿಲಿನಲ್ಲಿ ಕಾದ ನೀರನ್ನು ಹಸು ಮೂಸಿ ಬಿಟ್ಟುಬಿಡುತ್ತದೆ.

ಮೇವು ಕತ್ತರಿಸುವ ಯಂತ್ರದ ವಿಷಯದಲ್ಲಿಯೂ ಇದೇ ನೀತಿ. 2 ಹೆಚ್.ಪಿ. ಮೋಟಾರನ್ನು ಬ್ಯಾಟರಿಯ ಮೇಲೆ ಓಡಿಸುವ ಆಸೆ ಬಿಡಿ. ಕರೆಂಟ್ ಇದ್ದಾಗ ರಾಗಿ ಹುಲ್ಲು, ಜೋಳದ ಕಡ್ಡಿಯನ್ನು ಮೂರು ನಾಲ್ಕು ದಿನಕ್ಕಾಗುವಷ್ಟು ಕತ್ತರಿಸಿ ಚೀಲ ತುಂಬಿಡಬಹುದು. ಒಣ ಮೇವು ಕೆಡುವುದಿಲ್ಲ. ಹಸಿ ಸೀಮೆಹುಲ್ಲು ಮಾತ್ರ ಹಾಗಲ್ಲ. ಕತ್ತರಿಸಿ ಗುಡ್ಡೆ ಹಾಕಿದರೆ ಒಳಗೆ ಬಿಸಿಯೇರಿ ಹುಳಿವಾಸನೆ ಬರುತ್ತದೆ. ಅದನ್ನು ಆಯಾ ಹೊತ್ತಿಗೆ ಕತ್ತರಿಸಿ, ಕರೆಂಟ್ ಇಲ್ಲದ ದಿನ ಕುಡುಗೋಲಿನಿಂದ ಮೂರು ತುಂಡು ಮಾಡಿ ಹಾಕಿದರೂ ಹಸು ತಿನ್ನುತ್ತದೆ, ಸ್ವಲ್ಪ ದಂಟು ಉಳಿಸುತ್ತದೆ ಅಷ್ಟೇ.

ಹಾಲು ಕರೆಯುವಾಗ ಕರೆಂಟ್ ಹೋದರೆ

ಯಂತ್ರದಿಂದ ಹಾಲು ಕರೆಯುವ ಸಹೋದರಿಯರು ಈ ಭಾಗವನ್ನು ನಿಧಾನವಾಗಿ ಓದಿ. ಯಂತ್ರ ಎರಡು ಕೆಲಸ ಮಾಡುತ್ತದೆ: ಗಾಳಿ ಎಳೆದು ಹಾಲನ್ನು ಹೀರುತ್ತದೆ, ನಿಮಿಷಕ್ಕೆ ಸುಮಾರು 60 ಸಲ ಹಿಡಿತ ಸಡಿಲಿಸಿ ತೊಟ್ಟಿಗೆ ವಿಶ್ರಾಂತಿ ಕೊಡುತ್ತದೆ. ಕರೆಂಟ್ ಹೋದ ಕೂಡಲೇ ಮೋಟಾರ್ ನಿಲ್ಲುತ್ತದೆ, ಆದರೆ ಬಕೆಟ್ಟು ಮತ್ತು ಪೈಪಿನಲ್ಲಿ ಉಳಿದ ಎಳೆತ ಕೂಡಲೇ ಹೋಗುವುದಿಲ್ಲ. ಕೆಲವು ಸಲ ಹಿಡಿತ ಸಡಿಲಿಸುವ ಕೆಲಸ ಮೊದಲು ನಿಂತು, ಕಪ್ಪು ತೊಟ್ಟನ್ನು ಕಚ್ಚಿಕೊಂಡೇ ಇರುತ್ತದೆ. ಕೆಲವು ಸಲ ಎಳೆತ ಕುಸಿದು ಕಪ್ಪು ಜಾರಿ ಸಗಣಿ ಮೇಲೆ ಬೀಳುತ್ತದೆ, ಕೊಳೆ ಒಳಗೆ ಹೋಗುತ್ತದೆ. ಎರಡೂ ಕೆಚ್ಚಲು ಬಾವಿಗೆ ದಾರಿ.

ದೀಪ ಆರಿದ ತಕ್ಷಣ ಮಾಡಬೇಕಾದದ್ದು ಇಷ್ಟು. ಎಳೆತದ ವಾಲ್ವ್ ಮುಚ್ಚಿ, ಗಾಳಿ ಒಳಗೆ ಹೋಗಲು ಬಿಟ್ಟು, ಕಪ್ಪುಗಳು ತಾವಾಗಿ ಸಡಿಲವಾದ ಮೇಲೆ ಕೈಯಲ್ಲಿ ಹಿಡಿದು ತೆಗೆಯಿರಿ. ಜಗ್ಗಬೇಡಿ. ಕರೆಂಟ್ ಈಗ ಬರುತ್ತದೆ ಎಂದು ಐದು ಹತ್ತು ನಿಮಿಷ ಕಾಯುವುದು ಬೇಡ. ಕೆಚ್ಚಲು ಸವರಿದಾಗ ಹಸುವಿನ ಮೈಯಲ್ಲಿ ಹಾಲು ಇಳಿಸುವ ಶಕ್ತಿ ಕೆಲವೇ ನಿಮಿಷ ಇರುತ್ತದೆ. ಅದು ಮುಗಿದ ಮೇಲೆ ಎಷ್ಟು ಜಗ್ಗಿದರೂ ಉಳಿದ ಹಾಲು ಇಳಿಯುವುದಿಲ್ಲ. ಕೈಯಿಂದಲೇ ಪೂರ್ತಿ ಕರೆದು, ತೊಟ್ಟನ್ನು ಔಷಧದಲ್ಲಿ ಅದ್ದಿ.

ಇದಕ್ಕಾಗಿಯೇ ಯಂತ್ರ ಬಂದ ಮನೆಯಲ್ಲೂ ಕೈ ಅಭ್ಯಾಸ ಬಿಡಬಾರದು, ಹಸುವಿಗೂ ಬಿಡಿಸಬಾರದು. ಪಡ್ಡೆಯಾಗಿದ್ದಾಗಿನಿಂದ ಯಂತ್ರವನ್ನೇ ಕಂಡ ಹಸು ಕೈ ಹಾಕಿದರೆ ಒದೆಯುತ್ತದೆ. ವಾರಕ್ಕೆ ಒಂದು ಹೊತ್ತು ಎಲ್ಲ ಹಸುಗಳನ್ನೂ ಕೈಯಲ್ಲೇ ಕರೆಯಿರಿ. ಮನೆಯಲ್ಲಿ ಇನ್ನೊಬ್ಬರಿಗೂ ಬರಲಿ, ಗಂಡಸರಿಗೂ. ಎಂಟು ಹತ್ತು ಹಸು ಇದ್ದವರಿಗೆ ಕೈಯಲ್ಲಿ ಆಗದ ಮಾತು. ಅಂಥವರಿಗೆ ಕೈಯಿಂದ ಅಥವಾ ಕಾಲಿನಿಂದ ಒತ್ತುವ ಯಂತ್ರ, ಇಲ್ಲವೇ ಮೋಟಾರಿನ ಜೊತೆ ಪೆಟ್ರೋಲ್ ಎಂಜಿನ್ ಜೋಡಿಸುವ ಮಾದರಿಯ ಯಂತ್ರ ಇದೆ. ಹೊಸದಾಗಿ ಕೊಳ್ಳುವವರು ಕೊಳ್ಳುವಾಗಲೇ ಇದನ್ನು ಕೇಳಿ.

ಹಾಲು ಡೈರಿಗೆ ಹೋಗುವವರೆಗೆ

ಕರೆದ ಹಾಲಿನ ಬಿಸಿ ಹಸುವಿನ ಮೈ ಬಿಸಿಯಷ್ಟೇ. ಆ ಬಿಸಿಯಲ್ಲಿ ಬ್ಯಾಕ್ಟೀರಿಯಾ 20ರಿಂದ 30 ನಿಮಿಷಕ್ಕೊಮ್ಮೆ ಎರಡರಷ್ಟಾಗಬಲ್ಲವು. ಶುಚಿಯಾಗಿ ಕರೆದ ಹಾಲಿಗೆ ತನ್ನದೇ ಆದ ರಕ್ಷಣೆ ಎರಡು ಮೂರು ಗಂಟೆ ಇರುತ್ತದೆ, ಆಮೇಲೆ ಇಲ್ಲ. ಡೈರಿಯಲ್ಲಿ ಬಲ್ಕ್ ಮಿಲ್ಕ್ ಕೂಲರ್ ಇದ್ದರೆ ಅದು ಹಾಲನ್ನು 4 ಡಿಗ್ರಿಗೆ ಇಳಿಸುತ್ತದೆ, ಅಲ್ಲಿಗೆ ಜನರೇಟರ್ ವ್ಯವಸ್ಥೆಯೂ ಇರುತ್ತದೆ. ಆದ್ದರಿಂದ ಹಾಲಿನ ಸಲುವಾಗಿ ಮನೆಯಲ್ಲಿ ಫ್ರಿಜ್ ಓಡಿಸುವ ಲೆಕ್ಕ ಹಾಕಬೇಡಿ. ನಿಮ್ಮ ಕೆಲಸ ಆದಷ್ಟು ಬೇಗ ಡೈರಿ ಮುಟ್ಟಿಸುವುದು.

ಮಳೆಯಲ್ಲಿ ಸಿಕ್ಕಿ ತಡವಾಗುವುದಾದರೆ ಸ್ಟೀಲ್ ಕ್ಯಾನನ್ನು ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಇಳಿಸಿಡಿ, ಅಥವಾ ಒದ್ದೆ ಗೋಣಿಚೀಲ ಸುತ್ತಿ ಗಾಳಿಯಾಡುವ ನೆರಳಿನಲ್ಲಿಡಿ. ಹಾಲಿನೊಳಗೆ ಐಸ್ ಹಾಕುವುದು, ಸೋಡಾಪುಡಿ ಹಾಕುವುದು ಬೇಡ; ಐಸ್ ಕರಗಿದರೆ ನೀರು, ನೀರು ಬೆರೆತರೆ ಎಸ್‌ಎನ್‌ಎಫ್ ಕಡಿಮೆ, ಸೋಡಾ ಎಂದರೆ ಕಲಬೆರಕೆ. ಸಂಜೆಯ ಹಾಲು ಉಳಿದರೆ ಬೆಳಿಗ್ಗೆಯ ಹಾಲಿಗೆ ಬೆರೆಸಬೇಡಿ, ಎರಡೂ ಹೋಗುತ್ತವೆ. ಒಡೆದ ಹಾಲು ವಾಪಸ್ ಬಂದರೆ ಹಾಲಿನ ಬೆಲೆಯ ಜೊತೆಗೆ ಲೀಟರಿಗೆ 5 ರೂಪಾಯಿಯ ಸರ್ಕಾರದ ಪ್ರೋತ್ಸಾಹಧನವೂ ಹೋಯಿತು.

ಯುಪಿಎಸ್ ಲೆಕ್ಕ

ಈಗ ಅಂಗಡಿಯ ಲೆಕ್ಕಕ್ಕೆ ಬರೋಣ. ಸಾಮಾನ್ಯವಾಗಿ ಮಾರುವುದು 12 ವೋಲ್ಟ್, 150 ಎ.ಹೆಚ್. ಬ್ಯಾಟರಿ. 12ನ್ನು 150ರಿಂದ ಗುಣಿಸಿದರೆ 1,800. ಅಷ್ಟೂ ನಮಗೆ ಸಿಗುವುದಿಲ್ಲ. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು, ಯುಪಿಎಸ್ ತಾನೂ ಸ್ವಲ್ಪ ತಿನ್ನುತ್ತದೆ. ಮೂರರಲ್ಲಿ ಎರಡು ಪಾಲು, ಅಂದರೆ 1,200 ಎಂದಿಟ್ಟುಕೊಳ್ಳಿ.

ಮನೆಯಲ್ಲಿ 9 ವಾಟ್‌ನ ನಾಲ್ಕು ಎಲ್‌ಇಡಿ ಬಲ್ಬ್ 36 ವಾಟ್. ಹಳೆಯ ಎರಡು ಸೀಲಿಂಗ್ ಫ್ಯಾನ್ 150. ಕೊಟ್ಟಿಗೆಗೆ 20 ವಾಟ್‌ನ ಎರಡು ಎಲ್‌ಇಡಿ ಟ್ಯೂಬ್ 40. ಮೊಬೈಲ್ ಚಾರ್ಜಿಗೆ 10. ಒಟ್ಟು 236. ಈ 1,200ನ್ನು 236ರಿಂದ ಭಾಗಿಸಿದರೆ ಐದು ಗಂಟೆ. ಈಗ ಅದೇ ಎರಡು ಹಳೆಯ ಫ್ಯಾನ್ ತೆಗೆದು 30 ವಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿ: ಒಟ್ಟು 146, ಎಂಟು ಗಂಟೆ ಬರುತ್ತದೆ. ಎರಡನೇ ಬ್ಯಾಟರಿ ಕೊಳ್ಳುವ ಬದಲು ಫ್ಯಾನ್ ಬದಲಿಸುವುದು ಲಾಭ. ಫ್ಯಾನ್ ಹತ್ತು ವರ್ಷ ಇರುತ್ತದೆ, ಬ್ಯಾಟರಿ ಅಷ್ಟು ಇರುವುದಿಲ್ಲ.

ಹಾಲು ಕರೆಯುವ ಯಂತ್ರ ಇದರ ಮೇಲೆ ಓಡುತ್ತದೆಯೇ ಎಂಬುದು ಬಹಳ ಜನ ಕೇಳುವ ಪ್ರಶ್ನೆ. ಅರ್ಧ ಹೆಚ್.ಪಿ. ಮೋಟಾರ್ ಓಡುವಾಗ ಎಳೆಯುವುದು ಸುಮಾರು 500 ವಾಟ್. ನಾಲ್ಕು ಹಸುವಿಗೆ ಅರ್ಧ ಗಂಟೆ ಎಂದರೆ 250. ಬ್ಯಾಟರಿಗೆ ಇದು ಭಾರವೇ ಅಲ್ಲ. ತೊಂದರೆ ಇರುವುದು ಮೋಟಾರ್ ಶುರುವಾಗುವ ಆ ಒಂದು ಕ್ಷಣದಲ್ಲಿ. ಆಗ ಅದು ಮೂರರಿಂದ ಐದು ಪಟ್ಟು ಎಳೆಯುತ್ತದೆ, ಮನೆಗೆ ಹಾಕುವ 900 ವಿ.ಎ. ಯುಪಿಎಸ್ ಕೀರಲು ಶಬ್ದ ಮಾಡಿ ಆಫ್ ಆಗುತ್ತದೆ. ಯಂತ್ರ ಓಡಿಸಲೇಬೇಕಿದ್ದರೆ ಎರಡು ಬ್ಯಾಟರಿಯ, 2 ಕೆ.ವಿ.ಎ. ಹತ್ತಿರದ ಸೈನ್ ವೇವ್ ಯುಪಿಎಸ್ ಬೇಕು. ಅಂಗಡಿಯವರಿಗೆ ಮೋಟಾರಿನ ತಗಡಿನ ಮೇಲೆ ಬರೆದಿರುವುದನ್ನು ಫೋಟೋ ತೆಗೆದು ತೋರಿಸಿ, ಆಗುತ್ತದೆ ಎಂದರೆ ನಿಮ್ಮ ಕೊಟ್ಟಿಗೆಯಲ್ಲೇ ಓಡಿಸಿ ತೋರಿಸಿದ ಮೇಲೆ ಪೂರ್ತಿ ಹಣ ಕೊಡಿ. ಮನೆಗೆ ಮಾತ್ರವಾದರೂ ಸೈನ್ ವೇವ್‌ನದ್ದನ್ನೇ ಕೊಳ್ಳಿ. ಅಗ್ಗದ ಸ್ಕ್ವೇರ್ ವೇವ್‌ನಲ್ಲಿ ಫ್ಯಾನ್ ಗುಂಯ್‌ಗುಡುತ್ತದೆ, ಮೋಟಾರ್ ಬಿಸಿಯಾಗುತ್ತದೆ.

ಗೃಹಜ್ಯೋತಿ ಫಲಾನುಭವಿಗಳು ಒಂದು ವಿಷಯ ಗಮನಿಸಿ. ಬರಿದಾದ ಬ್ಯಾಟರಿ ಮತ್ತೆ ತುಂಬಲು ಸುಮಾರು 2 ಯೂನಿಟ್ ಬೇಕು. ದಿನವೂ ಪೂರ್ತಿ ಬರಿದಾಗುವ ಮನೆಯಲ್ಲಿ ತಿಂಗಳಿಗೆ 60 ಯೂನಿಟ್ ಆಯಿತು. ನಿಮ್ಮ ಮನೆಗೆ ನಿಗದಿಯಾಗಿರುವ ಯೂನಿಟ್ ಎಷ್ಟು ಎಂದು ಬಿಲ್ಲಿನಲ್ಲಿ ನೋಡಿ. ಅದನ್ನು ಮೀರಿದ್ದಕ್ಕೆ ಹಣ ಕಟ್ಟಬೇಕು, ಒಟ್ಟು 200 ದಾಟಿದರೆ ಪೂರ್ತಿ ಬಿಲ್ ಬರುತ್ತದೆ.

ತೋಟದ ಮನೆಯವರಿಗೆ ಇನ್ನೊಂದು ತೊಡಕು. ಬ್ಯಾಟರಿ ತುಂಬಲು 10ರಿಂದ 12 ಗಂಟೆ ಕರೆಂಟ್ ಬೇಕು. ಅಷ್ಟು ಹೊತ್ತು ಕರೆಂಟೇ ಇಲ್ಲದ ಕಡೆ ಅದು ಯಾವಾಗಲೂ ಅರೆಹೊಟ್ಟೆಯಲ್ಲಿರುತ್ತದೆ, ಒಳಗಿನ ತಗಡಿಗೆ ಬಿಳಿ ಹತ್ತಿ ಬೇಗ ಸಾಯುತ್ತದೆ. ಬ್ಯಾಟರಿ ಕಂಪನಿಯನ್ನು ಬಯ್ಯುವವರಲ್ಲಿ ಅರ್ಧ ಜನರ ಮನೆಯ ಕಥೆ ಇದೇ ಇರಬೇಕು. ಅಂಥ ಮನೆಗೆ ಮಾಳಿಗೆಯ ಮೇಲೆ 300-350 ವಾಟ್‌ನ ಒಂದು ಸೋಲಾರ್ ಹಲಗೆ, ನಡುವೆ ಚಾರ್ಜ್ ಕಂಟ್ರೋಲರ್ ಹಾಕಿಸುವುದು ಸರಿ. ನಮ್ಮ ಬಿಸಿಲಿಗೆ ಒಂದು ಕಿಲೋವಾಟ್ ಹಲಗೆ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಅದರ ಮೂರನೇ ಒಂದು ಪಾಲು ಎಂದರೆ ರಾತ್ರಿ ಬಳಸಿದ ಬಹುಪಾಲನ್ನು ಹಗಲು ತುಂಬಿಕೊಡುತ್ತದೆ.

ಸೋಲಾರ್ ಎಂದಾಗ ಒಂದು ಎಚ್ಚರಿಕೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವಾಟ್‌ಗೆ 30,000, 2 ಕಿಲೋವಾಟ್‌ಗೆ 60,000, 3 ಕಿಲೋವಾಟ್ ಮತ್ತು ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ ಇದೆ. ಒಳ್ಳೆಯ ಯೋಜನೆ. ಆದರೆ ಅದರಲ್ಲಿ ಸಾಮಾನ್ಯವಾಗಿ ಹಾಕುವುದು ಬೆಸ್ಕಾಂ ಲೈನಿಗೆ ಸೇರಿಸುವ, ಬ್ಯಾಟರಿ ಇಲ್ಲದ ವ್ಯವಸ್ಥೆ. ಲೈನಿನಲ್ಲಿ ಕರೆಂಟ್ ಹೋದರೆ ಅದೂ ತಾನಾಗಿ ಆಫ್ ಆಗುತ್ತದೆ, ಸುಡುವ ಬಿಸಿಲಿದ್ದರೂ ಮನೆಯಲ್ಲಿ ಒಂದು ಬಲ್ಬೂ ಉರಿಯುವುದಿಲ್ಲ. ದುರಸ್ತಿಗೆ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮಾಳಿಗೆಯ ಕರೆಂಟ್ ಹೊಡೆಯದಿರಲಿ ಎಂದೇ ಹಾಗೆ ಮಾಡಿರುತ್ತಾರೆ. ಬಿಲ್ ಉಳಿಸಲು ಅದು ಸರಿ. ಕರೆಂಟ್ ಹೋದಾಗಿನ ಆಸರೆಗೆ ಬ್ಯಾಟರಿ ಇರುವ ಹೈಬ್ರಿಡ್ ಅಥವಾ ಆಫ್ ಗ್ರಿಡ್ ಬೇಕು. ಮಾರುವವರು ಬಂದಾಗ ಒಂದೇ ಪ್ರಶ್ನೆ ಕೇಳಿ: "ಕರೆಂಟ್ ಹೋದಾಗ ಇದು ಕೆಲಸ ಮಾಡುತ್ತದಾ?" ಉತ್ತರವನ್ನು ಕೊಟೇಶನ್ ಮೇಲೆ ಬರೆಸಿಕೊಳ್ಳಿ. ಗೃಹಜ್ಯೋತಿಯಲ್ಲಿ ಬಿಲ್ಲೇ ಬಾರದ ಮನೆಗೆ, ಬಿಲ್ ಉಳಿಸುವುದಕ್ಕೆಂದೇ ಸಾಲ ಮಾಡಿ ಇದನ್ನು ಹಾಕಿಸುವ ಅಗತ್ಯ ನನಗಂತೂ ಕಾಣುವುದಿಲ್ಲ.

ಬ್ಯಾಟರಿ ಎಲ್ಲಿಡಬೇಕು, ಎಲ್ಲಿಡಬಾರದು

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಅದು ಹತ್ತಿ ಉರಿಯುವಂಥದ್ದು. ಒಲೆ, ದೇವರ ದೀಪ, ಊದುಬತ್ತಿಯ ಹತ್ತಿರ ಬೇಡ, ಹುಲ್ಲಿನ ಬಣವೆ ಅಥವಾ ಮೇವಿನ ಕೋಣೆಯಲ್ಲಂತೂ ಬೇಡವೇ ಬೇಡ. ಗಾಳಿಯಾಡುವ ಜಗುಲಿಯ ಮೂಲೆ ಒಳ್ಳೆಯದು. ಮೂರು ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಮ್ಮ ಬೋರ್ ನೀರು ಹಾಕಿದರೆ ಬ್ಯಾಟರಿಯ ಆಯಸ್ಸು ಮುಗಿಯಿತು.

ಕೊಟ್ಟಿಗೆಯಲ್ಲಿ ಇಡಬಾರದು ಎನ್ನುವುದಕ್ಕೆ ದೊಡ್ಡ ಕಾರಣ ಬೇರೆಯೇ ಇದೆ. ಬ್ಯಾಟರಿಯ ಒಳಗಿರುವುದು ಸೀಸ. ದನಗಳಿಗೆ ಅದರ ರುಚಿ ಹಿಡಿಸುತ್ತದೆ, ಒಡೆದ ಬ್ಯಾಟರಿ ಸಿಕ್ಕರೆ ನೆಕ್ಕುತ್ತವೆ, ತಗಡಿನ ಚೂರು ನುಂಗುತ್ತವೆ. ಸೀಸದ ವಿಷ ಏರಿದ ರಾಸು ಕಣ್ಣು ಕಾಣದಂತೆ ಗೋಡೆಗೆ ಹಾಯುತ್ತದೆ, ತಲೆಯನ್ನು ಕಂಬಕ್ಕೆ ಒತ್ತಿ ನಿಲ್ಲುತ್ತದೆ, ಹಲ್ಲು ಕಡಿಯುತ್ತದೆ, ಜೊಲ್ಲು ಸುರಿಸುತ್ತದೆ, ಮೈ ಅದುರುತ್ತದೆ. ಕರುಗಳು ಒಂದೆರಡು ದಿನದಲ್ಲೇ ಸಾಯಬಹುದು. ಸಾಯದೆ ಉಳಿದ ಹಸುವಿನ ಹಾಲಿನಲ್ಲೂ ಸೀಸ ಬರುತ್ತದೆ, ಆ ಹಾಲನ್ನು ನಮ್ಮ ಮಕ್ಕಳು ಕುಡಿಯುತ್ತಾರೆ. ಟ್ರ್ಯಾಕ್ಟರ್‌ನದೋ ಯುಪಿಎಸ್‌ನದೋ ಹಳೆಯ ಬ್ಯಾಟರಿಯನ್ನು ಕೊಟ್ಟಿಗೆಯ ಹಿಂದೆ ಎಸೆದಿದ್ದರೆ ಇವತ್ತೇ ತೆಗೆಯಿರಿ. ಅಂಗಡಿಯವರು ಹಳೆಯದಕ್ಕೆ ಬೆಲೆ ಕೊಟ್ಟು ತೆಗೆದುಕೊಳ್ಳುತ್ತಾರೆ. ತಿಪ್ಪೆಯಲ್ಲಿ ಒಡೆದು ಸೀಸ ತೆಗೆಯುವವರಿಗೆ ಕೊಡಬೇಡಿ. ಮೇಲಿನ ಲಕ್ಷಣ ಕಂಡರೆ ಕೂಡಲೇ 1962ಕ್ಕೆ ಕರೆ ಮಾಡಿ, ಹತ್ತಿರದಲ್ಲಿ ಬ್ಯಾಟರಿ ಇತ್ತು ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ಹೇಳದಿದ್ದರೆ ಬೇರೆ ಕಾಯಿಲೆ ಎಂದು ಹೊತ್ತು ಕಳೆಯಬಹುದು.

ಜನರೇಟರ್ ಇದ್ದವರಿಗೆ

1 ಹೆಚ್.ಪಿ. ಮೋಟಾರ್ ಎತ್ತಲು ಎರಡರಿಂದ ಎರಡೂವರೆ ಕೆ.ವಿ.ಎ. ಪೆಟ್ರೋಲ್ ಜನರೇಟರ್ ಬೇಕು. ಒಂದೊಂದು ಮನೆಗೆ ಒಂದೊಂದು ಕೊಳ್ಳುವುದು ದಂಡ. ಅಕ್ಕಪಕ್ಕದ ನಾಲ್ಕೈದು ಮನೆಯವರು ಸ್ತ್ರೀಶಕ್ತಿ ಸಂಘದಿಂದ ಸೇರಿ ಒಂದು ಕೊಂಡು, ಬೆಳಿಗ್ಗೆ ಐದರಿಂದ ಅರ್ಧರ್ಧ ಗಂಟೆ ಸರದಿ ಮಾಡಿಕೊಳ್ಳಬಹುದು. ಪೆಟ್ರೋಲ್ ಲೆಕ್ಕದಲ್ಲೇ ಜಗಳ ಬರುವುದು, ಆದ್ದರಿಂದ ಮೊದಲ ದಿನದಿಂದಲೇ ಪುಸ್ತಕ ಇಡಿ.

ಜನರೇಟರ್ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ, ಮಳೆ ಎಂದು ಕೊಟ್ಟಿಗೆಯೊಳಗೆ, ಕಿಟಕಿಯ ಕೆಳಗೆ ಇಟ್ಟು ಓಡಿಸಿದರೆ ಮಲಗಿದವರು ಏಳದೇ ಹೋಗಬಹುದು. ಹೊರಗೆ, ತಗಡಿನ ಮರೆಯಲ್ಲಿ, ಮನೆಯಿಂದ ದೂರವಿರಲಿ. ಬಿಸಿಯಿರುವಾಗ ಪೆಟ್ರೋಲ್ ಸುರಿಯಬೇಡಿ.

ಇನ್ನೂ ಒಂದು ಅಭ್ಯಾಸ ಕೆಲವು ಕಡೆ ಇದೆ. ಎರಡು ತುದಿಗೂ ಪಿನ್ ಇರುವ ವೈರ್ ಮಾಡಿಕೊಂಡು ಜನರೇಟರ್ ಕರೆಂಟನ್ನು ಗೋಡೆಯ ಸಾಕೆಟ್‌ಗೆ ಕೊಡುವುದು. ಆ ಕರೆಂಟ್ ನಿಮ್ಮ ಮೀಟರ್ ದಾಟಿ ಟಿ.ಸಿ.ಗೆ ಹೋಗುತ್ತದೆ, ಟಿ.ಸಿ. ಅದನ್ನು ಹಿಂದುಮುಂದಾಗಿ 11,000 ವೋಲ್ಟ್‌ಗೆ ಏರಿಸುತ್ತದೆ. ಲೈನ್ ಆಫ್ ಇದೆ ಎಂದು ನಂಬಿ ಕಂಬ ಹತ್ತಿದವನು ಕೆಳಗೆ ಬರುವುದು ಹೆಣವಾಗಿ. ಅವನಿಗೂ ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ. ಜನರೇಟರ್‌ಗೆ ಚೇಂಜ್‌ಓವರ್ ಸ್ವಿಚ್ ಕಡ್ಡಾಯ; ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರಿಂದಲೇ ಹಾಕಿಸಿ.

ಕೊಟ್ಟಿಗೆಯ ವೈರಿಂಗ್ ಬಗ್ಗೆಯೂ ಇಲ್ಲಿಯೇ ಹೇಳಬೇಕು. ಒದ್ದೆ ನೆಲ, ನಾಲ್ಕು ಕಾಲು, ಕಬ್ಬಿಣದ ಸರಪಳಿ: ಮನುಷ್ಯರಿಗೆ ಜುಂ ಎನ್ನುವಷ್ಟು ಕರೆಂಟ್ ಹಸುವನ್ನು ಕೊಲ್ಲಬಲ್ಲದು. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಒಂದು ಹಾಕಿಸಿ, ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗುತ್ತದೆ, ವಾರಕ್ಕೊಂದು ಬಿಂದಿಗೆ ನೀರು ಹಾಕಿ. ಹಸು ಗೋದಲಿಯ ಹತ್ತಿರ ಹೋಗಲು ಹೆದರಿದರೆ, ನೀರಿಗೆ ಬಾಯಿಟ್ಟು ಹಿಂದಕ್ಕೆ ಹಾರಿದರೆ, ಮಂತ್ರ ಹಾಕಿಸುವ ಮೊದಲು ಎಲೆಕ್ಟ್ರಿಷಿಯನ್‌ರನ್ನು ಕರೆಯಿರಿ. ಕರೆಂಟ್ ಹೋದಾಗ ಎಲ್ಲ ಮೋಟಾರ್ ಸ್ವಿಚ್ ಆಫ್ ಮಾಡಿಡಿ. ವಾಪಸ್ ಬರುವಾಗ ವೋಲ್ಟೇಜ್ ಏರಿಳಿದು ಮೋಟಾರ್ ಸುಡುತ್ತದೆ. ಬಂದ ಐದು ನಿಮಿಷದ ಮೇಲೆ ಹಾಕಿದರೆ ಸಾಕು.

ಬೇಸಿಗೆಯ ಮಧ್ಯಾಹ್ನ ಮತ್ತು ರಾತ್ರಿಯ ಕರು

ಎಚ್‌ಎಫ್ ಮಿಶ್ರತಳಿಗೆ ಏಪ್ರಿಲ್ ಮಧ್ಯಾಹ್ನ ಫ್ಯಾನ್ ನಿಂತರೆ ಏದುಸಿರು ಬರುತ್ತದೆ. ಕೊಟ್ಟಿಗೆಯ ಪಕ್ಕದ ಗೋಡೆ ತೆರೆದಿದ್ದು, ಮೇಲೆ ತೆಂಗಿನ ಗರಿ ಹೊದಿಸಿದ್ದರೆ ಅರ್ಧ ಸಮಸ್ಯೆ ಇಲ್ಲ. ಕರೆಂಟ್ ಇಲ್ಲದ ದಿನ ಹೊಂಗೆ ಮರದ ನೆರಳಿಗೆ ಕಟ್ಟಿ ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ಬೆನ್ನ ಮೇಲೆ ನೀರು ಹಾಕಿ, ಹಿಂಡಿಯನ್ನು ಬೆಳಗಿನ ಮತ್ತು ರಾತ್ರಿಯ ತಂಪಿನ ಹೊತ್ತಿಗೆ ಕೊಡಿ. ಗುಡುಗುವಾಗ ಮಾತ್ರ ಮರದಡಿ ಕಟ್ಟಬಾರದು, ಸಿಡಿಲಿಗೆ ರಾಸು ಸಾಯುವುದು ಅಲ್ಲಿಯೇ.

ಗಬ್ಬದ ಹಸು ದಿನ ತುಂಬಿದ್ದರೆ ತಲೆಗೆ ಕಟ್ಟಿಕೊಳ್ಳುವ ಚಾರ್ಜ್ ಟಾರ್ಚ್ ಒಂದು ಮನೆಯಲ್ಲಿರಲಿ. ರಾತ್ರಿ ಎರಡು ಗಂಟೆಗೆ ಕರು ಹಾಕುವಾಗ ಎರಡೂ ಕೈ ಬೇಕು. ಮೊಬೈಲ್ ಬೆಳಕನ್ನು ಬಾಯಲ್ಲಿ ಕಚ್ಚಿಕೊಂಡು ಕರು ಹಿಡಿಯಲಾಗುವುದಿಲ್ಲ. ಗೋಬರ್ ಗ್ಯಾಸ್ ಇರುವವರಿಗೆ ಅಡುಗೆಗೂ ಬಿಸಿನೀರಿಗೂ ಕರೆಂಟಿನ ಚಿಂತೆ ಇಲ್ಲ. 2 ಘನ ಮೀಟರ್ ಗುಂಡಿಗೆ ದಿನಕ್ಕೆ 50 ಕೆ.ಜಿ. ಸಗಣಿ ಬೇಕು, ನಾಲ್ಕೈದು ಹಸು ಇದ್ದವರಿಗೆ ಅದು ಇದ್ದೇ ಇರುತ್ತದೆ. ಹಾಳುಬಿದ್ದ ಗುಂಡಿ ಇದ್ದರೆ ಮಳೆಗಾಲಕ್ಕೆ ಮುಂಚೆ ಸರಿಮಾಡಿಸಿ.

ಬೆಸ್ಕಾಂ ಮುಂಚಿತವಾಗಿ ನಿಗದಿ ಮಾಡುವ ದುರಸ್ತಿಯ ದಿನಗಳ ಪ್ರಕಟಣೆ ಪತ್ರಿಕೆಯಲ್ಲಿ ಊರಿನ ಹೆಸರಿನ ಸಮೇತ ಬರುತ್ತದೆ. ಸಂಘದ ಕಾರ್ಯದರ್ಶಿಯವರು ಅದನ್ನು ಡೈರಿಯ ಬೋರ್ಡಿನ ಮೇಲೆ ಬರೆದು ಹಾಕಬೇಕೆಂದು ನೀವೇ ಕೇಳಿ. ಟ್ಯಾಂಕ್ ತುಂಬುವ, ಮೇವು ಕತ್ತರಿಸುವ ಕೆಲಸ ಹಿಂದಿನ ದಿನವೇ ಮುಗಿಯುತ್ತದೆ. ತಂತಿಗೆ ತಾಗುವ ಗರಿ ಕಂಡರೆ ನೀವು ದೋಟಿ ಹಾಕಬೇಡಿ, ಹಸಿ ಗರಿಯಲ್ಲೂ ಕರೆಂಟ್ ಹರಿಯುತ್ತದೆ. ಸೆಕ್ಷನ್ ಆಫೀಸಿಗೆ ಹೇಳಿ ಲೈನ್ ಆಫ್ ಮಾಡಿಸಿ ಕಡಿಸಿ. ತಂತಿ ತುಂಡಾಗಿ ಬಿದ್ದಿದ್ದರೆ ಮಕ್ಕಳನ್ನೂ ದನಗಳನ್ನೂ ದೂರ ನಿಲ್ಲಿಸಿ 1912ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಆ ಸಂಖ್ಯೆಯನ್ನೂ, ನಿಮ್ಮ ಮೀಟರಿನ ಆರ್.ಆರ್. ನಂಬರನ್ನೂ, 1962ನ್ನೂ ಮೀಟರ್ ಬೋರ್ಡಿನ ಪಕ್ಕದ ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆಸಿ, ಕತ್ತಲೆಯಲ್ಲಿ ಟಾರ್ಚ್ ಬಿಟ್ಟರೆ ಕಾಣುವ ಹಾಗೆ.